ಪ್ಲೇಯರ್ ಚಾರ್ಜ್ ಆಗ್ತದ, ಕಂಪ್ಯೂಟರ್‌ನಾಗ ಕಾಣಲ್ಲ: ತಿಳಿದವರು ಹೇಳ್ರಿ

ಜೇವರ್ಗಿಯಿಂದ ಪ್ರಶ್ನೆ

ಎಲ್ಲರಿಗೂ ಶರಣು ಶರಣಾರ್ಥಿ. ಅಪ್ಪಾರ ಹಳೆ ಎಂಪಿ3 ಪ್ಲೇಯರ್‌ನಾಗ ನಮ್ಮೂರ ಭಜನಿ ಮಂಡಳಿಯವರು ಹಾಡಿದ ತತ್ವಪದ ರೆಕಾರ್ಡ್ ಆಗ್ಯಾವ. ಕಡಕೋಳ ಮಡಿವಾಳಪ್ಪನವರ ಪದಗಳೇ ಹೆಚ್ಚು. ಬ್ಯಾರೆ ಕಡೆ ಪ್ರತಿ ಇಲ್ಲ. ಪ್ಲೇಯರ್‌ಗೆ 4 ಜಿಬಿ ಇಂಟರ್ನಲ್ ಮೆಮೊರಿ, ಕಾರ್ಡ್ ಹಾಕೋ ಜಾಗ ಇಲ್ಲ, ಕೆಳಗ ಮಿನಿ ಯುಎಸ್‌ಬಿ ಪೋರ್ಟ್. ಹಾಡು ಸರಿಯಾಗೇ ಹಾಡ್ತದ. ವಿಂಡೋಸ್ 10 ಲ್ಯಾಪ್‌ಟಾಪಿಗೆ ಹಚ್ಚಿದ್ರ ಬ್ಯಾಟರಿ ಚಿತ್ರ ಓಡ್ತದ, ಆದ್ರ ದಿಸ್ ಪಿಸಿ ಒಳಗ ಏನೂ ಬರಲ್ಲ. ರೆಕಾರ್ಡಿಂಗ್ ಹೋಗದಂಗ ಹೆಂಗ ತೆಗೀಬೇಕು?

ಕಲಬುರಗಿ, ಸೂಪರ್ ಮಾರ್ಕೆಟ್ ಕಡೆ ಕಂಪ್ಯೂಟರ್ ರಿಪೇರಿ

ಅಕ್ಕಾರ, ಬಾಕಿ ಎಲ್ಲಾ ಆಮ್ಯಾಲ. ಯಾವಾಗರೆ "ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಕೇಳಿದ್ರ ಕ್ಯಾನ್ಸಲ್ ಒತ್ರಿ. ಅದೇ ರೀತಿ ಪ್ಲೇಯರ್‌ನ ಸೆಟ್ಟಿಂಗ್ಸ್ ಒಳಗ ಫ್ಯಾಕ್ಟರಿ ರೀಸೆಟ್, ಫಾರ್ಮ್ಯಾಟ್ ಇವಕ್ಕ ಕೈ ಹಚ್ಚಬ್ಯಾಡ್ರಿ. ಹಾಡು ಬರ್ಲಿಕತ್ತದ ಅಂದ್ರ ಫೈಲ್ ಜೀವಂತ ಅವ. ಕೆಟ್ಟದ್ದು ದಾರಿ ಅಷ್ಟೇ.

ಚಾರ್ಜ್ ಆಗ್ತದ ಅನ್ನೋದ್ರಿಂದ ಕೇಬಲ್ ಸರಿ ಅದ ಅಂತ ತಿಳಿಬ್ಯಾಡ್ರಿ. ಯುಎಸ್‌ಬಿ 2.0 ಕೇಬಲ್ ಒಳಗ 4 ತಂತಿ ಇರ್ತಾವ: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ಡೇಟಾ. ಟಾರ್ಚ್, ಟ್ರಿಮ್ಮರ್, ಸ್ಪೀಕರ್ ಸಂಗಡ ಬರೋ ಅಗ್ಗದ ಕೇಬಲ್ ಭಾಳಷ್ಟರಾಗ ಕೆಂಪು-ಕಪ್ಪು ಎರಡೇ ಇರ್ತಾವ. ಚಾರ್ಜಿಗೆ ಅಷ್ಟೇ ಸಾಕು, ಮಾತಾಡ್ಲಿಕ್ಕೆ ಬಿಳಿ-ಹಸಿರು ಬೇಕೇ ಬೇಕು. ಡೇಟಾ ತಂತಿ ಇಲ್ಲಂದ್ರ ಕಂಪ್ಯೂಟರ್‌ಗೆ ಏನೋ ಹಚ್ಚ್ಯಾರ ಅನ್ನೋದೇ ಗೊತ್ತಾಗಲ್ಲ, ಹಂಗಾಗಿ ಎರರ್ ಸುದ್ದಾ ತೋರ್ಸಲ್ಲ. ನೀವು ಹೇಳೋ ಲಕ್ಷಣ ಇದಕ್ಕ ಕರೆಕ್ಟ್ ಕೂಡ್ತದ.

ಅಂಗಡ್ಯಾಗ ಮಿನಿ ಯುಎಸ್‌ಬಿಗೆ "ವಿ3" ಅಂತಾರ, ಮೈಕ್ರೋಗೆ "ವಿ8". "ವಿ3 ಡೇಟಾ ಕೇಬಲ್" ಅಂತ ಬಿಡಿಸಿ ಕೇಳ್ರಿ. ಉದ್ದ 1 ಮೀಟರ್ ಒಳಗೇ ಇರ್ಲಿ. ಪ್ಲೇಯರ್ ಸಂಗಡ ಒಯ್ದು ಅಲ್ಲೇ ಕಂಪ್ಯೂಟರಿಗೆ ಹಚ್ಚಿ ನೋಡಿ ತೊಗೊಂಡ್ರ ಚಲೋ. ಮನ್ಯಾಗ ಹಳೆ ಡಿಜಿಟಲ್ ಕ್ಯಾಮೆರಾ, ಇಲ್ಲಾ ಕಾರಿನ ಡ್ಯಾಶ್‌ಕ್ಯಾಮ್ ಇದ್ರ ಅದರ ಕೇಬಲ್ ತಗೀರಿ, ಅವು ಹೆಚ್ಚಾಗಿ ಮಿನಿ ಡೇಟಾ ಕೇಬಲ್ಲೇ ಇರ್ತಾವ. ಮಲ್ಟಿಮೀಟರ್ ಇದ್ದವರು ಬೀಪ್ ಮೋಡ್‌ನಾಗ ದೊಡ್ಡ ಪ್ಲಗ್‌ನ ನಡುವಿನ 2 ಮತ್ತು 3ನೇ ಪಿನ್ನಿಂದ ಸಣ್ಣ ಪ್ಲಗ್‌ನ 2 ಮತ್ತು 3ನೇ ಪಿನ್ನಿಗೆ ನೋಡಬೇಕು. ಬೀಪ್ ಬರಲಿಲ್ಲಂದ್ರ ಆ ಕೇಬಲ್ ಚಾರ್ಜಿಂಗ್ ಕೆಲಸಕ್ಕಷ್ಟೇ.

ಹಬ್ (ಒಂದು ಪೋರ್ಟನ್ನ ಹಲವು ಮಾಡೋ ಡಬ್ಬಿ) ಬ್ಯಾಡ, ಸೀದಾ ಲ್ಯಾಪ್‌ಟಾಪಿನ ಪೋರ್ಟಿಗೇ ಹಚ್ರಿ. ಡೆಸ್ಕ್‌ಟಾಪ್ ಇದ್ದವರು ಮುಂದಿನ ಪೋರ್ಟ್ ಬಿಟ್ಟು ಮದರ್‌ಬೋರ್ಡಿನ ಹಿಂದಿನ ಪೋರ್ಟ್ ಹಿಡೀರಿ. ಮುಂದಿನವು ಒಳಗ ಸಣ್ಣ ವೈರಿನಿಂದ ಬಂದಿರ್ತಾವ, ಅಲ್ಲೇ ಸಡಿಲಾಗೋದು ಜಾಸ್ತಿ. ಹಳೆ ಪ್ಲೇಯರ್‌ಗೆ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್ ಒಮ್ಮೊಮ್ಮೆ ಹೊಂದಲ್ಲ. ಕಪ್ಪು ಇದ್ರ ಅದರಾಗ ನೋಡ್ರಿ.

ಇನ್ನ ನಮ್ಮ ಕಡಿ ಧೂಳು. ಮಿನಿ ಪೋರ್ಟಿನ ಒಳಗ ಕಿಸೆಯ ನೂಲು, ಕೆಂಪು ಮಣ್ಣು ಸೇರಿ ಗಟ್ಟಿ ಕುಂತಿರ್ತದ, ಪ್ಲಗ್ ಪೂರ್ತಿ ಒಳಗ ಹೋಗಲ್ಲ. ಮಿನಿ ಪ್ಲಗ್‌ನಾಗ ಡೇಟಾ ಪಿನ್ ಭಾಳ ಸಪೂರ, ಸ್ವಲ್ಪ ಕೊರತಿ ಬಿದ್ರೂ ಸಂಪರ್ಕ ತಪ್ಪಬಹುದು. ಪ್ಲೇಯರ್ ಆಫ್ ಮಾಡಿ, ಕಟ್ಟಿಗಿ ಟೂತ್‌ಪಿಕ್‌ಲೆ ಮೆಲ್ಲಗ ಕೆದರಿ ತೆಗೀರಿ. ಸೂಜಿ, ಸೇಫ್ಟಿ ಪಿನ್ ಒಳಗ ಹಾಕಬ್ಯಾಡ್ರಿ, ಪಿನ್ ಬಗ್ಗಿದ್ರ ಕತಿ ಮುಗೀತು. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ರ ಒಂದು ಹನಿ ಹಾಕಿ ಕಾಲು ತಾಸು ಒಣಗಲಿಕ್ಕೆ ಬಿಡ್ರಿ. ಸ್ಯಾನಿಟೈಸರ್ ಬ್ಯಾಡ, ಅದರಾಗ ನೀರು ಮತ್ತು ಗ್ಲಿಸರಿನ್ ಇರ್ತದ.

ಬೀದರ್, ಕಾಲೇಜ್ ಕಂಪ್ಯೂಟರ್ ಲ್ಯಾಬ್

ಕೇಬಲ್ ಬದಲಿಸಿದ ಮೇಲೆ ಕಿವಿಗೊಟ್ಟು ಕೇಳಿ. ಚುಚ್ಚಿದ ಕೂಡಲೇ ಎರಡು ಸ್ವರದ ಸದ್ದು ಬಂದರೆ ವಿಂಡೋಸ್ ಗುರುತು ಹಿಡಿದಿದೆ. ಬೇಗ ಬೇಗ ಮೂರು ಸಲ ಬಡಿದಂತೆ ಬಂದರೆ ಏನೋ ಹಚ್ಚಿದ್ದು ಗೊತ್ತಾಗಿದೆ, ಆದರೆ ಮಾತುಕತೆ ಮುರಿದಿದೆ. ಸದ್ದೇ ಇಲ್ಲ ಎಂದರೆ ಮೇಲಿನವರು ಹೇಳಿದ ಕೇಬಲ್, ಪೋರ್ಟ್ ಇವನ್ನೇ ಮತ್ತೆ ನೋಡಬೇಕು.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಪ್ಲೇಯರ್ ಚುಚ್ಚಿ, ತೆಗೆಯಿರಿ. ಪಟ್ಟಿ ಪ್ರತಿಸಲವೂ ಮಿಣುಕುತ್ತದೆ. ಯಾವ ಸಾಲು ಬಂದು ಹೋಗುತ್ತದೋ ಅದೇ ನಿಮ್ಮ ಪ್ಲೇಯರ್. "ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್" ಎಂದಿದ್ದರೆ, ಅಥವಾ ಕೋಡ್ 43 ಇದ್ದರೆ, ಪ್ಲೇಯರ್ ತನ್ನ ಪರಿಚಯ ಹೇಳಲು ಆಗದೆ ನಿಂತಿದೆ. ಇದು ಡ್ರೈವರ್ ತೊಂದರೆ ಆಗಿರುವುದು ಕಡಿಮೆ. ಡೇಟಾ ತಂತಿ, ಇಲ್ಲವೇ ಪ್ಲೇಯರ್ ಒಳಗಿನ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿರುವುದು ಹೆಚ್ಚು. ಪವರ್ ಬಟನ್ ಅನ್ನು 20ರಿಂದ 30 ಸೆಕೆಂಡ್ ಒತ್ತಿ ಹಿಡಿದರೆ ಎಷ್ಟೋ ಪ್ಲೇಯರ್‌ಗಳು ಪೂರ್ತಿ ಆಫ್ ಆಗಿ ಹೊಸದಾಗಿ ಏಳುತ್ತವೆ. ಇದರಿಂದ ಫೈಲ್ ಅಳಿಯುವುದಿಲ್ಲ, ಫ್ಯಾಕ್ಟರಿ ರೀಸೆಟ್ ಬೇರೆ. ಕೋಡ್ 28 ಇದ್ದರೆ ಡ್ರೈವರ್ ಇಲ್ಲ ಎಂದರ್ಥ, ಅದು ಸುಲಭದ ಕೆಲಸ.

ಬ್ಯಾಟರಿ ತೀರಾ ಇಳಿದಿದ್ದರೂ ಪ್ಲೇಯರ್ ಚಾರ್ಜ್ ಚಿತ್ರ ತೋರಿಸುತ್ತದೆಯೇ ಹೊರತು ಡೇಟಾ ಮೋಡ್‌ಗೆ ಹೋಗುವುದಿಲ್ಲ. ಮೊದಲು ಅರ್ಧ ತಾಸು ಚಾರ್ಜ್ ಮಾಡಿ ನೋಡಿ.

ಜೇವರ್ಗಿ

ಕ್ಯಾಮೆರಾ ಕೇಬಲ್ ಹಾಕಿದೆ. ಎರಡು ಸ್ವರದ ಸದ್ದು ಬಂತು! ಡಿವೈಸ್ ಮ್ಯಾನೇಜರ್‌ನಾಗ "ಅದರ್ ಡಿವೈಸಸ್" ಕೆಳಗ ಹಳದಿ ಗುರುತು, ಕೋಡ್ 28. ದಿಸ್ ಪಿಸಿ ಒಳಗ ಇನ್ನೂ ಇಲ್ಲ.

ಬೀದರ್, ಕಾಲೇಜ್ ಕಂಪ್ಯೂಟರ್ ಲ್ಯಾಬ್

ಮುಕ್ಕಾಲು ಕೆಲಸ ಆಯಿತು ಅಕ್ಕ. ಆ ಹಳದಿ ಗುರುತಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಅಪ್‌ಡೇಟ್ ಡ್ರೈವರ್ ಒತ್ತಿ. "ಬ್ರೌಸ್ ಮೈ ಕಂಪ್ಯೂಟರ್" ಆರಿಸಿ, ಅದರ ಕೆಳಗಿನ "ಲೆಟ್ ಮಿ ಪಿಕ್" ಸಾಲು ಒತ್ತಿ. ಬರುವ ಪಟ್ಟಿಯಲ್ಲಿ ಪೋರ್ಟಬಲ್ ಡಿವೈಸಸ್, ಎಡಗಡೆ ಸ್ಟ್ಯಾಂಡರ್ಡ್ ಎಂಟಿಪಿ ಡಿವೈಸ್, ಬಲಗಡೆ ಎಂಟಿಪಿ ಯುಎಸ್‌ಬಿ ಡಿವೈಸ್. ಎಚ್ಚರಿಕೆ ಬಂದರೆ ಯೆಸ್ ಅನ್ನಿ. ಈ ಡ್ರೈವರ್ ವಿಂಡೋಸ್ ಒಳಗೇ ಇರುತ್ತದೆ. ನೆಟ್‌ನಲ್ಲಿ ಹುಡುಕಿ "ಡ್ರೈವರ್ ಅಪ್‌ಡೇಟರ್" ಎಂದು ಸಿಗುವ ಯಾವುದನ್ನೂ ಇಳಿಸಿಕೊಳ್ಳಬೇಡಿ, ದಯವಿಟ್ಟು. ಅವುಗಳಲ್ಲಿ ಹೆಚ್ಚಿನವು ದುಡ್ಡು ಕೇಳುವ ಇಲ್ಲವೇ ಜಾಹೀರಾತು ತುಂಬುವ ಪ್ರೋಗ್ರಾಂಗಳು.

ಪ್ಲೇಯರ್‌ಗಳಿಗೆ ಎರಡು ಬಗೆಯ ಸಂಪರ್ಕ ಇರುತ್ತದೆ. ಎಂಎಸ್‌ಸಿ ಎಂದರೆ ಪೆನ್‌ಡ್ರೈವ್ ಹಾಗೆ ಡ್ರೈವ್ ಅಕ್ಷರದೊಂದಿಗೆ ಬರುತ್ತದೆ, ಡ್ರೈವರ್ ಚಿಂತೆ ಇಲ್ಲ. ಎಂಟಿಪಿ ಎಂದರೆ ಪ್ಲೇಯರ್ ತನ್ನ ಪಟ್ಟಿಯನ್ನು ತಾನೇ ಕೊಡುತ್ತದೆ, ಅಕ್ಷರ ಇರುವುದಿಲ್ಲ, ಡ್ರೈವರ್ ಬೇಕು. ಸ್ಯಾನ್‌ಡಿಸ್ಕ್ ಸಾನ್ಸಾ ಕ್ಲಿಪ್ ತರಹದವುಗಳಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಯುಎಸ್‌ಬಿ ಮೋಡ್ ಎಂದು ಆಯ್ಕೆ ಇದೆ: ಆಟೋ, ಎಂಟಿಪಿ, ಎಂಎಸ್‌ಸಿ. ನಿಮ್ಮ ಪ್ಲೇಯರ್‌ನಲ್ಲಿ ಅಂಥದ್ದು ಇದ್ದರೆ ಕೇಬಲ್ ತೆಗೆದು ಎಂಎಸ್‌ಸಿಗೆ ಇಟ್ಟು ಮತ್ತೆ ಚುಚ್ಚಿ. ಎಂಎಸ್‌ಸಿಯಲ್ಲಿ ಸದ್ದು ಬಂದರೂ ಡ್ರೈವ್ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಕ್ಷರ ಇಲ್ಲದೆ 4 ಜಿಬಿ ಸುಮಾರಿನ ಭಾಗ ಕಂಡರೆ ಚೇಂಜ್ ಡ್ರೈವ್ ಲೆಟರ್ ಮೂಲಕ ಖಾಲಿ ಅಕ್ಷರ ಕೊಡಿ. ಕಚೇರಿಯ ನೆಟ್‌ವರ್ಕ್ ಡ್ರೈವ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎರಡಕ್ಕೂ ಒಂದೇ ಅಕ್ಷರ ಬಿದ್ದು ಪ್ಲೇಯರ್ ಮರೆಯಾಗುವುದುಂಟು. ಇನ್ನು ಸರ್ಕಾರಿ, ಬ್ಯಾಂಕ್ ಕಂಪ್ಯೂಟರ್‌ಗಳಲ್ಲಿ ಹೊರಗಿನ ಮೆಮೊರಿಯನ್ನೇ ಬಂದ್ ಮಾಡಿರುತ್ತಾರೆ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಮನೆಯ ಯಂತ್ರದಲ್ಲಿ ಮಾಡಿ.

ಶಹಾಬಾದ

ಇದನ್ನ ಓದಿದ ಬ್ಯಾರೆಯವರಿಗೂ ಉಪಯೋಗ ಆಗ್ಲಿ ಅಂತ ಬರೀತೀನಿ. ಐಪಾಡ್ ಇದ್ರ ಕತಿ ಬ್ಯಾರೆ. ವಿಂಡೋಸ್‌ನಾಗ ಐಟ್ಯೂನ್ಸ್ ಇಲ್ಲಾ ಆಪಲ್ ಡಿವೈಸಸ್ ಹಾಕಿದ ಮ್ಯಾಲೇ ಅದರ ಡ್ರೈವರ್ ಬರ್ತದ. ಐಪಾಡ್ ಮಾರೋದು 2022ರ ಮೇ ತಿಂಗಳಿಗೆ ನಿಂತ್ರೂ ಸಾಫ್ಟ್‌ವೇರ್ ಇನ್ನೂ ಸಿಗ್ತದ. ಐಪಾಡ್ ಕ್ಲಾಸಿಕ್ ಹಟ ಹಿಡಿದ್ರ ಮೆನು ಮತ್ತು ನಡುವಿನ ಬಟನ್ ಕೂಡಿ ಸೇಬಿನ ಚಿತ್ರ ಬರೋತನಕ ಒತ್ತಿ ಹಿಡೀರಿ, ಚಿತ್ರ ಬಂದ ತಕ್ಷಣ ನಡುವಿನ ಬಟನ್ ಮತ್ತು ಪ್ಲೇ ಬಟನ್ ಹಿಡೀರಿ. ಡಿಸ್ಕ್ ಮೋಡ್, ಅಂದ್ರ ಪೆನ್‌ಡ್ರೈವ್‌ನಂಗ ಕಾಣೋ ಸ್ಥಿತಿ, ಬರ್ತದ. ಮ್ಯಾಕ್ ಮ್ಯಾಲ ಫಾರ್ಮ್ಯಾಟ್ ಮಾಡಿದ ಐಪಾಡ್‌ನ ವಿಂಡೋಸ್ ಓದಲ್ಲ, ಫಾರ್ಮ್ಯಾಟ್ ಮಾಡು ಅಂತದ. ಅದನ್ನ ಮ್ಯಾಕಿಗೇ ಹಚ್ಚಬೇಕು.

ಸೋನಿ ವಾಕ್‌ಮನ್ ಹಳೆ ಮಾದರಿಗೆ 22 ಪಿನ್ನಿನ ಚಪ್ಪಟಿ ಕೇಬಲ್ ಅದ, ಅದು ಬಿಟ್ಟು ಬ್ಯಾರೆದು ಕೂಡಲ್ಲ. ಟೈಪ್ ಸಿ ಪೋರ್ಟಿನ ಅಗ್ಗದ ಪ್ಲೇಯರ್ ಎರಡೂ ಕಡಿ ಸಿ ಇರೋ ಕೇಬಲ್‌ನಾಗ ಏಳಲಿಲ್ಲಂದ್ರ, ಒಂದು ಕಡಿ ದೊಡ್ಡ ಎ ಪ್ಲಗ್ ಇರೋ ಕೇಬಲ್ ಹಾಕ್ರಿ. ಪ್ಲೇಯರ್ ಒಳಗ ಇರಬೇಕಾದ 5.1 ಕಿಲೋ ಓಮ್ ರೆಸಿಸ್ಟರ್ ಕೆಲವರು ಹಾಕೇ ಇರಲ್ಲ, ಅದಿಲ್ಲಂದ್ರ ಸಿ ಪೋರ್ಟ್ ಕರೆಂಟೇ ಬಿಡಲ್ಲ.

ಯಾದಗಿರಿ, ಮೊಬೈಲ್ ರಿಪೇರಿ

ಜೇವರ್ಗಿ ಅಕ್ಕಾರಿಗೆ ಇದು ಬೇಕಾಗಲಿಕ್ಕಿಲ್ಲ. ಆದ್ರ ಕೇಬಲ್ ಅಲುಗಾಡಿಸಿದಾಗ ಸದ್ದು ಬಂದು ಹೋಗಿ ಮಾಡ್ತದ ಅಂದ್ರ ಪ್ಲೇಯರ್‌ನ ಕನೆಕ್ಟರ್ ಬುಡದಾಗ ಬೆಸುಗಿ ಬಿಟ್ಟದ. ಅದನ್ನ ಮನ್ಯಾಗ ಮಾಡಬ್ಯಾಡ್ರಿ. ರಿಪೇರಿಯವರಿಗೆ ಕೊಡೋವಾಗ "ಮೊದಲ ಬ್ಯಾಟರಿ ವೈರ್ ಬಿಡಿಸ್ರಿ, ಮೆಮೊರಿಗೆ ಕೈ ಹಚ್ಚಬ್ಯಾಡ್ರಿ" ಅಂತ ಖಡಕ್ ಹೇಳ್ರಿ. ಕೆಲಸ ಮಾಡೋರು ಮಲ್ಟಿಮೀಟರ್‌ನ ಡಯೋಡ್ ಮೋಡ್‌ನಾಗ ಕೆಂಪು ಪ್ರೋಬ್ ಗ್ರೌಂಡಿಗೆ, ಕಪ್ಪು ಪ್ರೋಬ್ ಎರಡೂ ಡೇಟಾ ಪಿನ್ನಿಗೆ ಹಿಡಿದು ನೋಡಬೇಕು. ಎರಡೂ ಕಡಿ ಸಾಧಾರಣ ಒಂದೇ ಅಂಕಿ ಬರಬೇಕು. ಒಂದು ಕಡಿ ಸೊನ್ನಿ ಬಂದ್ರ ಶಾರ್ಟ್, ಏನೂ ಬರಲಿಲ್ಲಂದ್ರ ಲೈನ್ ಹರಿದದ. ಹಿಂಬದಿ ಉಬ್ಬಿದ ಪ್ಲೇಯರ್ ಇದ್ರ ಅದು ಬ್ಯಾಟರಿ ಉಬ್ಬಿದ್ದು. ನಮ್ಮ ಬ್ಯಾಸಿಗಿ ಬಿಸಿಲಾಗ ಬೈಕಿನ ಡಿಕ್ಕ್ಯಾಗ ಬಿಟ್ರ ಹಿಂಗೇ ಆಗ್ತದ. ಅದನ್ನ ಚಾರ್ಜಿಗೂ ಹಚ್ಚಬಾರ್ದು.

ಜೇವರ್ಗಿ

ಡ್ರೈವರ್ ಕುಂತ್ತು. ಪ್ಲೇಯರ್ ಹೆಸರು ಬಂತು, ಮ್ಯೂಸಿಕ್ ಫೋಲ್ಡರ್ ಒಳಗ ಸಿನಿಮಾ ಹಾಡು ಅವ. ಆದ್ರ ತತ್ವಪದ ಕಾಣವಲ್ವು. ಪ್ಲೇಯರ್‌ನಾಗ ಹಚ್ಚಿದ್ರ ಹಾಡ್ತಾವ. ಯುಎಸ್‌ಬಿ ಮೋಡ್ ಅನ್ನೋದು ಸೆಟ್ಟಿಂಗ್‌ನಾಗ ಸಿಕ್ತು, ಆಟೋ ಅಂತ ಅದ.

ಕಲಬುರಗಿ, ಸೂಪರ್ ಮಾರ್ಕೆಟ್ ಕಡೆ ಕಂಪ್ಯೂಟರ್ ರಿಪೇರಿ

ಗಾಬರಿ ಆಗಬ್ಯಾಡ್ರಿ, ಅಕ್ಕಾರ. ಮೈಕಿನಿಂದ ರೆಕಾರ್ಡ್ ಆದದ್ದು ಮ್ಯೂಸಿಕ್ ಫೋಲ್ಡರ್‌ನಾಗ ಇರಲ್ಲ. ರೆಕಾರ್ಡ್, ರೆಕಾರ್ಡಿಂಗ್ಸ್ ಇಲ್ಲಾ ವಾಯ್ಸ್ ಅಂತ ಬ್ಯಾರೆ ಫೋಲ್ಡರ್ ಇರ್ತದ, ಫೈಲ್ ಹೆಸರು ತಾರೀಕು ಇಲ್ಲಾ ನಂಬರ್ ಮ್ಯಾಲ ಇರ್ತದ. ಎಂಟಿಪಿ ಒಳಗ ಪ್ಲೇಯರ್ ಕೊಟ್ಟಷ್ಟೇ ಕಾಣೋದು. ಇನ್ನೊಂದು, ಕೆಲವು ಪ್ಲೇಯರ್‌ನಾಗ ಒಂದು ಮೋಡ್‌ನಾಗ ಹಾಕಿದ ಫೈಲ್ ಇನ್ನೊಂದು ಮೋಡ್‌ನಾಗ ಕಂಪ್ಯೂಟರಿಗೆ ಕಾಣಲ್ಲ, ಪ್ಲೇಯರ್ ಮಾತ್ರ ಎರಡನ್ನೂ ಹಾಡ್ತದ. ಕೇಬಲ್ ತೆಗೆದು ಆಟೋ ಇದ್ದದ್ದು ಎಂಎಸ್‌ಸಿ ಮಾಡಿ ಹಚ್ರಿ. ಎಕ್ಸ್‌ಪ್ಲೋರರ್‌ನ ವ್ಯೂ ಒಳಗ ಹಿಡನ್ ಐಟಮ್ಸ್ ಟಿಕ್ ಮಾಡ್ರಿ. ಹೊರಗಿನ ಕಂಪ್ಯೂಟರಿಗೆ ಹಚ್ಚಿದ ಪ್ಲೇಯರ್‌ನಾಗ ಶಾರ್ಟ್‌ಕಟ್ ವೈರಸ್ ಕುಂತು ಫೋಲ್ಡರ್ ಮುಚ್ಚಿಟ್ಟಿರೋದೂ ಉಂಟು. 1 ಕೆಬಿ ಸೈಜಿನ, ಬಾಣದ ಗುರುತಿನ ಫೋಲ್ಡರ್ ಕಂಡ್ರ ಅದನ್ನ ಡಬಲ್ ಕ್ಲಿಕ್ ಮಾಡಬ್ಯಾಡ್ರಿ, ಮಸುಕಾಗಿ ಕಾಣೋ ಅಸಲಿ ಫೋಲ್ಡರ್ ಕಾಪಿ ಮಾಡ್ಕೋರಿ.

ಕಟ್ ಮಾಡಬ್ಯಾಡ್ರಿ, ಕಾಪಿನೇ ಮಾಡ್ರಿ. ನಡಕ್ ಕರೆಂಟ್ ಹೋದ್ರೂ ಅಸಲಿ ಉಳಿಬೇಕು. ಕಾಪಿ ಆದ ಮ್ಯಾಲ ಎರಡೂ ಕಡೀ ಫೋಲ್ಡರ್ ಪ್ರಾಪರ್ಟೀಸ್ ತೆಗೆದು ಫೈಲ್ ಎಣಿಕಿ, ಸೈಜ್ ಹೊಂದಿಸಿ ನೋಡ್ರಿ. ಆಮ್ಯಾಲ ಸೇಫ್ಲಿ ರಿಮೂವ್ ಒತ್ತಿ ತೆಗೀರಿ. ಹಂಗೇ ಕಿತ್ರ ಎಂಎಸ್‌ಸಿ ಮೋಡ್‌ನಾಗ ಫೈಲ್ ಪಟ್ಟಿ ಕೆಡ್ತದ, ಮುಂದಿನ ಸಲ ಫಾರ್ಮ್ಯಾಟ್ ಕೇಳೋದು ಅದಕ್ಕೇ.

ಸೇಡಂ

ವಿಂಡೋಸ್ ಫಾರ್ಮ್ಯಾಟ್ ಬಿಟ್ಟು ಬ್ಯಾರೆ ಮಾತೇ ಆಡವಲ್ದು ಅನ್ನೋರು, ಪೆನ್‌ಡ್ರೈವಿನಿಂದ ಉಬುಂಟು ಲೈವ್ (ವಿಂಡೋಸ್ ಬದಲಿ ಓಡೋ ಉಚಿತ ಸಿಸ್ಟಮ್) ಹಚ್ಚಿ ನೋಡ್ರಿ, ಇನ್‌ಸ್ಟಾಲ್ ಮಾಡೋದು ಬೇಕಿಲ್ಲ. ಕೆಟ್ಟ ಪಟ್ಟಿಯ ಡ್ರೈವ್‌ನೂ ಅದು ಎಷ್ಟೋ ಸಲ ತೆರಿತದ. ತೆರಿಲಿಲ್ಲಂದ್ರ ಫೋಟೊರೆಕ್ ಉಚಿತ ಸಿಗ್ತದ, ಹೆಸರು ಫೋಟೊ ಅಂತಿದ್ರೂ ಎಂಪಿ3, ವೇವ್ ಫೈಲನ್ನೂ ಹುಡುಕಿ ತೆಗಿತದ. ಸಿಕ್ಕದ್ದನ್ನ ಅದೇ ಪ್ಲೇಯರ್‌ಗೆ ಉಳಿಸಬಾರ್ದು, ಕಂಪ್ಯೂಟರಿನ ಡಿಸ್ಕಿಗೇ ಉಳಿಸಬೇಕು. ಹೆಸರು ಹೋಗಿರ್ತಾವ, ಕೇಳಿ ಕೇಳಿ ಮತ್ತ ಹೆಸರಿಡೋದು.

ಜೇವರ್ಗಿ

ಎಂಎಸ್‌ಸಿ ಮಾಡಿದ ಮ್ಯಾಲ ರೆಕಾರ್ಡ್ ಅನ್ನೋ ಫೋಲ್ಡರ್ ಸಿಕ್ತು, ತತ್ವಪದ ಎಲ್ಲಾ ಅವ! ಎರಡು ಫೈಲ್ ಮಾತ್ರ ಕಾಪಿ ಆಗೋವಾಗ ಎರರ್ ಕೊಡ್ತಾವ. ಪ್ಲೇಯರ್‌ನಾಗ ಕೇಳಸ್ತಾವ.

ಹುಮನಾಬಾದ್, ಸೌಂಡ್ ರೆಕಾರ್ಡಿಂಗ್

ಆ ಎರಡಕ್ಕ ಯುಎಸ್‌ಬಿ ಬಿಟ್ಟು ಕಿವಿಯ ದಾರಿ ಹಿಡೀರಿ. ಎರಡೂ ಕಡಿ 3.5 ಮಿಲಿಮೀಟರ್ ಪಿನ್ ಇರೋ ಸ್ಟೀರಿಯೊ ಆಕ್ಸ್ ಕೇಬಲ್ ತಂದು ಪ್ಲೇಯರ್‌ನ ಹೆಡ್‌ಫೋನ್ ಕಿಂಡಿಯಿಂದ ಡೆಸ್ಕ್‌ಟಾಪಿನ ಹಿಂದಿನ ನೀಲಿ ಲೈನ್ ಇನ್‌ಗೆ ಹಚ್ರಿ. ಗುಲಾಬಿ ಮೈಕಿಂದು, ಅದಕ್ಕ ಹಚ್ಚಿದ್ರ ದನಿ ಒಡಿತದ. ಲ್ಯಾಪ್‌ಟಾಪಿನ ಒಂದೇ ಜಾಕ್‌ನಾಗ ಲೈನ್ ಇನ್ ಇರಲ್ಲ, ಹಂಗಾಗಿ ಡೆಸ್ಕ್‌ಟಾಪ್ ಇದ್ದವರ ಮನಿಗೇ ಹೋಗಿ ಮಾಡೋದು ಛಲೋ.

ದನಿ ರೆಕಾರ್ಡ್ ಮಾಡೋ ಪ್ರೋಗ್ರಾಂ ಆಡಾಸಿಟಿ ಉಚಿತ ಅದ. 44100 ಹರ್ಟ್ಜ್ ಇಟ್ಟು, ಪ್ಲೇಯರ್‌ನ ಈಕ್ವಲೈಜರ್ ಬಂದ್ ಮಾಡಿ, ವಾಲ್ಯೂಮ್ ಮುಕ್ಕಾಲಿಗೆ ಇಡ್ರಿ. ಮೀಟರ್ ದೊಡ್ಡ ದನಿಗೆ ಮೈನಸ್ 6 ಡೆಸಿಬಲ್ ಹತ್ರ ಮುಟ್ಟಬೇಕು. ಭಜನ್ಯಾಗ ತಾಳ, ದಮ್ಮಡಿ ಒಮ್ಮೆಲೇ ಏರ್ತಾವ, ಅದಕ್ಕ ಹಾಡಿನ ಆರಂಭದ ಏಕತಾರಿ ನೋಡಿ ಲೆವೆಲ್ ಇಡಬ್ಯಾಡ್ರಿ, ಎಲ್ಲರೂ ಕೂಡಿ ಪಲ್ಲವಿ ಎತ್ತೋ ಜಾಗ ಹಚ್ಚಿ ಇಡ್ರಿ. ಒಂದು ತಾಸಿನ ಹಾಡಿಗೆ ಒಂದು ತಾಸೇ ಬೇಕು, ವೇವ್ ಫೈಲ್ ನಿಮಿಷಕ್ಕ ಸುಮಾರು 10 ಎಂಬಿ ಆಗ್ತದ. ಸಣ್ಣದಾಗಬೇಕಂದ್ರ ಫ್ಲ್ಯಾಕ್‌ಗೆ ಎಕ್ಸ್‌ಪೋರ್ಟ್ ಮಾಡ್ರಿ, ದನಿ ಒಂದಿಷ್ಟೂ ಕಳೆಯಲ್ಲ. "ಗುಂಯ್" ಅಂತ ಹಮ್ ಬಂದ್ರ ಪ್ಲೇಯರ್‌ನ ಚಾರ್ಜಿಂಗ್ ಕೇಬಲ್ ತೆಗೆದು ಬ್ಯಾಟರಿ ಮ್ಯಾಲೇ ಓಡಿಸ್ರಿ. ಆದ್ರೂ ಹೋಗಲಿಲ್ಲಂದ್ರ ಮನಿಯ ಅರ್ಥಿಂಗ್ ಸರಿ ಇಲ್ಲ, ಅರ್ಥಿಂಗ್ ಚಲೋ ಇರೋ ಬ್ಯಾರೆ ಪ್ಲಗ್ಗಿಗೆ ಕಂಪ್ಯೂಟರ್ ಹಚ್ಚಿ ಮತ್ತ ಶುರು ಮಾಡ್ರಿ.