ದೂರದಲ್ಲಿ ಕೊಂಡ ಹಳೇ ಜೀಪ್ ದಾರಿಯಲ್ಲಿ ಪದೇ ಪದೇ ನಿಲ್ಲುತ್ತಿದೆ, ಬೇಗ ಹೇಳಿ

ಧೂಳುದಾರಿ:
ತಲೆ ಕೆಟ್ಟುಹೋಗಿದೆ. ಜೀಪ್ ಕೊಂಡು ಮನೆಗೆ ಓಡಿಸಿಕೊಂಡು ಬರುತ್ತಿದ್ದೇನೆ. ಇನ್ನೂ ಅರ್ಧ ದಾರಿ ಬಾಕಿ ಇದೆ. ಚೆನ್ನಾಗಿ ಓಡುತ್ತಿರುವಾಗಲೇ ಎರಡು ಜರ್ಕ್ ಹೊಡೆದು ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಒಂದಿಷ್ಟು ಹೊತ್ತು ಸುಮ್ನೆ ಕೂತು ಮತ್ತೆ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಅರ್ಧ ಗಂಟೆ ಓಡುತ್ತದೆ, ಮತ್ತೆ ಅದೇ ಕತೆ. ಬ್ಯಾಟರಿ ಹೊಸದು, ಪ್ಲಗ್ ಹೊಸದು, ಆಯಿಲ್ ಹೊಸದು. ಬೇರೆಲ್ಲ ಸರಿ ಇದೆ. ರಸ್ತೆ ಪಕ್ಕ ನಿಂತು ಬರೆಯುತ್ತಿದ್ದೇನೆ, ಲಾರಿಗಳು ಮೈಮೇಲೆ ಬಂದ ಹಾಗೆ ಹೋಗುತ್ತಿವೆ. ಯಾರಾದರೂ ಬೇಗ ಹೇಳಿ.

ಕಿಡಿಗಣ್ಣ:
ಕಾಯಿಲ್, ಪ್ಲಗ್‌ಗೆ ಕಿಡಿ ಕೊಡುವುದು ಅದೇ. ಕಣ್ಣು ಮುಚ್ಚಿಕೊಂಡು ಬದಲಾಯಿಸಿ. ಬಿಸಿಯಾದರೆ ಸಾಯುತ್ತದೆ, ತಣ್ಣಗಾದರೆ ಎದ್ದು ಕೂರುತ್ತದೆ. ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಾ?

ನಟ್ಟುಬೋಲ್ಟು:
ಸ್ವಲ್ಪ ತಡೀರಿ. ಯಾವ ಜೀಪ್? ಪೆಟ್ರೋಲೋ ಡೀಸೆಲ್ಲೋ? ಎಷ್ಟು ವರ್ಷ ನಿಂತಿತ್ತು? "ಬೇರೆಲ್ಲ ಸರಿ ಇದೆ" ಅಂದರೆ ಏನೇನು ನೋಡಿದ್ದೀರಿ?

ಧೂಳುದಾರಿ:
ಪ್ಲಗ್ ಹೊಸದು ಅಂದ ಮೇಲೆ ಪೆಟ್ರೋಲೇ ಅಲ್ವಾ ಸರ್. ಬಾನೆಟ್ ಎತ್ತರ ಇರುವ ಜೀಪ್, ಅದೇ 2.2 ಲೀಟರ್ ಇಂಜಿನ್. ಮಾರಿದವರು ಆಗಾಗ ಸ್ಟಾರ್ಟ್ ಮಾಡುತ್ತಿದ್ದೆವು ಅಂದರು. ಇಂಜಿನ್ ಸದ್ದು ಬಹಳ ಚೆನ್ನಾಗಿದೆ.

ಕಿಡಿಗಣ್ಣ:
ಹಾಗಾದರೆ ಸಿಜೆ-3ಬಿ. ನನ್ನ ಮಾತಿಗೆ ಇನ್ನೂ ಬಲ ಬಂತು. ಆ ಕಾಲದ ಜೀಪ್‌ಗಳು ಹುಟ್ಟಿದ್ದು 6 ವೋಲ್ಟ್‌ನಲ್ಲಿ. ಆಮೇಲೆ ಯಾರೋ 12 ವೋಲ್ಟ್ ಬ್ಯಾಟರಿ ಕೂರಿಸಿ, ಡೈನಮೋ ಬದಲಾಯಿಸಿ, ಕಾಯಿಲ್ ಮಾತ್ರ ಹಳೇದೇ ಬಿಟ್ಟಿರುತ್ತಾರೆ. 6 ವೋಲ್ಟ್ ಕಾಯಿಲ್‌ಗೆ ಕರೆಂಟ್ ತಗ್ಗಿಸುವ ಬಲಾಸ್ಟ್ ರೆಸಿಸ್ಟರ್ ಇಲ್ಲದೆ 12 ವೋಲ್ಟ್ ಕೊಟ್ಟರೆ ಕರೆಂಟ್ ಸುಮಾರು ಎರಡು ಪಟ್ಟು ಹರಿಯುತ್ತದೆ. ಸುಡದೆ ಇನ್ನೇನಾಗುತ್ತದೆ? ಮೀಟರ್ ಇದ್ದರೆ ಕಾಯಿಲ್‌ನ ಎರಡು ಸಣ್ಣ ಕಾಲುಗಳ ಮಧ್ಯೆ ಓಮ್ ನೋಡಿ. ಒಂದೂವರೆ ಹತ್ತಿರ ಬಂದರೆ ರೆಸಿಸ್ಟರ್ ಬೇಕೇ ಬೇಕು. ಮೂರರ ಹತ್ತಿರ ಬಂದರೆ ನೇರ 12 ವೋಲ್ಟ್ ನಡೆಯುತ್ತದೆ. ಮೀಟರ್ ಇಲ್ಲದಿದ್ದರೆ ಕೈ ಇಟ್ಟು ನೋಡಿ.

ಧೂಳುದಾರಿ:
ಬ್ಯಾಟರಿ 12 ವೋಲ್ಟ್. ಕಾಯಿಲ್ ಮುಟ್ಟಿದೆ, ಬಿಸಿ ಇದೆ. ಆದರೆ ಬಾನೆಟ್ ಒಳಗೆ ಏನು ಮುಟ್ಟಿದರೂ ಬಿಸಿನೇ ಇದೆ. ಮೀಟರ್ ಎಲ್ಲಿಂದ ತರಲಿ?

ಬಿಸಿಗಾಳಿ:
ಕಾಯಿಲ್ ಬಿಡಿ. ಇದು ವೇಪರ್ ಲಾಕ್. ಪೆಟ್ರೋಲ್ ಪೈಪ್ ಒಳಗೇ ಕುದಿದು ಆವಿಯಾಗುತ್ತದೆ. ಪಂಪ್ ಆವಿಯನ್ನು ಎಳೆಯಲಾರದು, ಗಾಡಿ ನಿಲ್ಲುತ್ತದೆ. ಪಂಪ್‌ನಿಂದ ಕಾರ್ಬೊರೇಟರ್‌ಗೆ ಹೋಗುವ ಪೈಪ್ ಎಕ್ಸಾಸ್ಟ್ ಹತ್ತಿರ ಹಾದುಹೋಗಿದೆಯಾ ನೋಡಿ. ಒದ್ದೆ ಬಟ್ಟೆ ಸುತ್ತಿ. ಬಟ್ಟೆ ಒಣಹಾಕುವ ಮರದ ಕ್ಲಿಪ್ ಸಿಕ್ಕರೆ ಪೈಪ್ ಉದ್ದಕ್ಕೂ ಸಾಲಾಗಿ ಹಾಕಿ, ಬಿಸಿ ಎಳೆದುಕೊಳ್ಳುತ್ತದೆ.

ಟಾರ್ಕ್‌ಮಾವ:
ಮರ ಬಿಸಿ ಎಳೆದುಕೊಳ್ಳುತ್ತದಾ? ಮರ ಬಿಸಿ ಸಾಗಿಸುವುದೇ ಇಲ್ಲ ಮಾರಾಯ್ರೆ, ಅದಕ್ಕೇ ಪಾತ್ರೆಗೆ ಮರದ ಹಿಡಿ ಹಾಕುವುದು. ಕ್ಲಿಪ್‌ನಿಂದ ಗಾಡಿ ಸರಿಯಾಯಿತು ಅನ್ನುವವರೆಲ್ಲ ಕ್ಲಿಪ್ ಹಾಕುವಷ್ಟು ಹೊತ್ತು ಗಾಡಿ ನಿಲ್ಲಿಸಿದ್ದರು, ಅಷ್ಟೇ.

ಬಿಸಿಗಾಳಿ:
ನಾನು ಕಣ್ಣಾರೆ ಕಂಡಿದ್ದೇನೆ. ಕ್ಲಿಪ್ ಹಾಕಿದ ಮೇಲೆ ಇಡೀ ಘಾಟಿ ಹತ್ತಿದೆ.

ಟಾರ್ಕ್‌ಮಾವ:
ಸಂಜೆ ಹೊತ್ತು ಹತ್ತಿರುತ್ತೀರಿ.

ನಟ್ಟುಬೋಲ್ಟು:
ಕ್ಲಿಪ್ ಜಗಳ ಆಮೇಲೆ ಮಾಡಿ. ಧೂಳುದಾರಿ ಅವರೇ, ಯಾವುದನ್ನೂ ಬದಲಾಯಿಸಬೇಡಿ. ಮುಂದಿನ ಸಲ ನಿಂತ ತಕ್ಷಣ ನೋಡಬೇಕು. ಮತ್ತೆ ಸ್ಟಾರ್ಟ್ ಆದ ಮೇಲೆ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಮೊದಲು ಪೆಟ್ರೋಲ್ ನೋಡಿ. ಇಗ್ನಿಷನ್ ಆಫ್ ಮಾಡಿ, ಏರ್ ಫಿಲ್ಟರ್ ಪೈಪ್ ಬಿಚ್ಚಿ ಕಾರ್ಬೊರೇಟರ್ ಬಾಯಿಯೊಳಗೆ ಟಾರ್ಚ್ ಹಿಡಿಯಿರಿ. ಕೈಯಿಂದ ಆಕ್ಸಿಲರೇಟರ್ ಲಿಂಕ್ ಎಳೆಯಿರಿ. ಪಿಚಕ್ ಅಂತ ಪೆಟ್ರೋಲ್ ಚಿಮ್ಮಿದರೆ ಕಾರ್ಬೊರೇಟರ್ ಬೌಲ್‌ನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಖಾಲಿ. ಪೈಪ್ ವಾಪಸ್ ಹಾಕಿ, ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಕಿಡಿ ನೋಡಿ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನಡುವಿನ ದಪ್ಪ ವೈರ್ ತೆಗೆದು, ಪ್ಲಾಸ್ಟಿಕ್ ಹಿಡಿ ಇರುವ ಪ್ಲಯರ್‌ನಲ್ಲಿ ಹಿಡಿದು ಇಂಜಿನ್ ಬ್ಲಾಕ್‌ನಿಂದ ಅರ್ಧ ಬೆರಳ ದಪ್ಪದಷ್ಟು ದೂರ ಇಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಪಟಪಟ ಹಾರಬೇಕು. ಈ ಎರಡು ಉತ್ತರ ತನ್ನಿ, ಬೇರೇನೂ ಬೇಡ.

ಸ್ಟೆಪ್ನಿ:
ಇಷ್ಟೆಲ್ಲ ಯಾಕೆ? ಲಾರಿ ಮೇಲೆ ಹೇರಿಸಿ ಮನೆಗೆ ತನ್ನಿ. ಗೊತ್ತಿಲ್ಲದ ಹಳೇ ಗಾಡಿಯನ್ನು ಅಷ್ಟು ದೂರ ಓಡಿಸುವುದೇ ಹುಚ್ಚು. ಅಂದ ಹಾಗೆ ಟೈರ್ ಯಾವ ವರ್ಷದ್ದು?

ಧೂಳುದಾರಿ:
ಟೈರ್ ಚೆನ್ನಾಗಿದೆ. ಪೂರ್ತಿ ಗುಂಡಿ ಇದೆ, ಸವೆದೇ ಇಲ್ಲ.

ಸ್ಟೆಪ್ನಿ:
ಸವೆದಿಲ್ಲ ಅನ್ನುವುದೇ ಭಯ. ಟೈರ್ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹೊರಗಡೆ ಕಾಣದಿದ್ದರೆ ಒಳಮುಖದಲ್ಲಿರುತ್ತದೆ, ಕೆಳಗೆ ಮಲಗಿ ನೋಡಿ.

ಧೂಳುದಾರಿ:
1109 ಅಂತಿದೆ. ಮಲಗಿ ಎದ್ದು ಅಂಗಿ ಪೂರ್ತಿ ಗ್ರೀಸ್.

ಸ್ಟೆಪ್ನಿ:
2009ರ 11ನೇ ವಾರ! ಇಂಜಿನ್ ನಿಲ್ಲುತ್ತಿರುವುದೇ ನಿಮ್ಮ ಪುಣ್ಯ. ಲಾರಿ ಕರೆಯಿರಿ.

ಟಾರ್ಕ್‌ಮಾವ:
ಅತಿ ಆಯಿತು. ಆಕ್ಸಲ್ ಗೇರ್ ರೇಶಿಯೋ 5.38 ಇರುವ ಗಾಡಿ ಅದು, 60-65ಕ್ಕಿಂತ ಜಾಸ್ತಿ ಹೋದರೆ ಇಂಜಿನ್ ತಾನೇ ಕಿರುಚುತ್ತದೆ. ಆ ಸ್ಪೀಡ್‌ಗೆ ಪಕ್ಕದಲ್ಲಿ ಬಿರುಕಿಲ್ಲದ ಟೈರ್ ಮನೆ ತಲುಪಿಸುತ್ತದೆ.

ಸ್ಟೆಪ್ನಿ:
ಬಿರುಕು ಒಳಗೂ ಇರುತ್ತದೆ ಮಾವ. ಟೈರ್ ಒಡೆಯುವಾಗ ನಿಮ್ಮ ಆಕ್ಸಲ್ ರೇಶಿಯೋ ಕೇಳುವುದಿಲ್ಲ.

ಧೂಳುದಾರಿ:
ಮತ್ತೆ ನಿಂತಿತು. ಹೇಳಿದ ಹಾಗೆ ನೋಡಿದೆ. ಒಬ್ಬ ಲಾರಿ ಡ್ರೈವರ್ ಸೆಲ್ಫ್ ಹೊಡೆದುಕೊಟ್ಟರು. ಕಿಡಿ ನೀಲಿ ಇದೆ, ಟಕ್ ಟಕ್ ಸದ್ದೂ ಬರುತ್ತಿದೆ. ಕಾರ್ಬೊರೇಟರ್ ಒಳಗೆ ಒಣಗಿದೆ. ಲಿಂಕ್ ಎಷ್ಟು ಎಳೆದರೂ ಒಂದು ಹನಿ ಇಲ್ಲ.

ಕಿಡಿಗಣ್ಣ:
ಎಷ್ಟು ಹೊತ್ತು ಬಿಟ್ಟು ನೋಡಿದಿರಿ? ಅಷ್ಟರಲ್ಲಿ ಕಾಯಿಲ್ ತಣ್ಣಗಾಗಿರುತ್ತದೆ. ಡಿಸ್ಟ್ರಿಬ್ಯೂಟರ್‌ನ ಕಂಡೆನ್ಸರ್ ಕೂಡ ಹೀಗೇ ಆಟ ಆಡುತ್ತದೆ. ಅದರೊಳಗೆ ಕಾಯಿಲ್ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್‌ನ ಗ್ಯಾಪ್ 0.020 ಇಂಚು ಇದೆಯಾ ನೋಡಿ.

ನಟ್ಟುಬೋಲ್ಟು:
ಕಿಡಿಗಣ್ಣ ಸರ್, ಕಾರ್ಬೊರೇಟರ್ ಒಣಗಿದೆ ಅನ್ನುತ್ತಿದ್ದಾರೆ. ಕಾಯಿಲ್ ಪೆಟ್ರೋಲ್ ಕುಡಿಯುವುದಿಲ್ಲ. ಪೆಟ್ರೋಲ್ ಟ್ಯಾಂಕ್‌ನಿಂದ ಬರುತ್ತಿಲ್ಲ, ಅಷ್ಟೇ. ಧೂಳುದಾರಿ ಅವರೇ, ಒಂದು ಪ್ರಶ್ನೆ. ಟ್ಯಾಂಕ್ ತುಂಬ ಪೆಟ್ರೋಲ್ ಇದ್ದಾಗ ಬೇಗ ನಿಲ್ಲುತ್ತದಾ, ಕಡಿಮೆ ಇದ್ದಾಗ ಬೇಗ ನಿಲ್ಲುತ್ತದಾ?

ಧೂಳುದಾರಿ:
ಈಗ ನೆನಪಾಯಿತು. ಫುಲ್ ಮಾಡಿಸಿದ ಮೇಲೆ ಇನ್ನೂ ಬೇಗ ನಿಂತಿತು. ಕಲಬೆರಕೆ ಪೆಟ್ರೋಲ್ ಇರಬೇಕು ಅಂದುಕೊಂಡೆ.

ನಟ್ಟುಬೋಲ್ಟು:
ಟ್ಯಾಂಕ್ ಕ್ಯಾಪ್ ಹಳೇದಾ ಹೊಸದಾ?

ಧೂಳುದಾರಿ:
ಹೊಸದು. ಪೆಟ್ರೋಲ್ ಕದಿಯುತ್ತಾರೆ ಅಂತ ಮಾರಿದವರು ಬೀಗದ ಕ್ಯಾಪ್ ಹಾಕಿಕೊಟ್ಟಿದ್ದಾರೆ. ಒಳ್ಳೆ ಬಿಗಿ ಇದೆ, ಒಳಗೆ ದಪ್ಪ ರಬ್ಬರ್. ಕ್ಯಾಪ್‌ಗೂ ಇಂಜಿನ್‌ಗೂ ಏನು ಸಂಬಂಧ?

ನಟ್ಟುಬೋಲ್ಟು:
ಅದೇ ಸಂಬಂಧ. ಪಂಪ್ ಪೆಟ್ರೋಲ್ ಎಳೆದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಮೂಲದ ಕ್ಯಾಪ್‌ನಲ್ಲಿ ಗಾಳಿಗೆ ದಾರಿ ಇರುತ್ತದೆ. ನಿಮ್ಮ ಬೀಗದ ಕ್ಯಾಪ್‌ನಲ್ಲಿ ಇಲ್ಲದಿರಬಹುದು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ನಿಂತು ನಿಂತು ಬರುತ್ತದಲ್ಲ, ಹಾಗೆ. ಟ್ಯಾಂಕ್ ತುಂಬಿದ್ದಾಗ ಮೇಲೆ ಗಾಳಿಯ ಜಾಗ ಕಡಿಮೆ, ಅದಕ್ಕೇ ನಿರ್ವಾತ ಬೇಗ ಏರುತ್ತದೆ, ಗಾಡಿ ಬೇಗ ನಿಲ್ಲುತ್ತದೆ. ಆ ನಿರ್ವಾತದ ವಿರುದ್ಧ ಪೆಟ್ರೋಲ್ ಎಳೆಯುವಷ್ಟು ಶಕ್ತಿ ಡಯಾಫ್ರಾಮ್ ಪಂಪ್‌ಗೆ ಇಲ್ಲ. ನೀವು ಕಾಯುವಾಗ ಇಂಜಿನ್ ತಣ್ಣಗಾಗುತ್ತದೆ ನಿಜ. ಆದರೆ ಗಾಡಿ ಮತ್ತೆ ಹೊರಡುವುದು ತಣ್ಣಗಾಗಿದ್ದಕ್ಕಲ್ಲ. ಅಷ್ಟು ಹೊತ್ತಿಗೆ ಗಾಳಿ ಎಲ್ಲಿಂದಲೋ ನಿಧಾನಕ್ಕೆ ನುಸುಳಿರುತ್ತದೆ. ಮುಂದಿನ ಸಲ ನಿಂತರೆ ಇಂಜಿನ್ ಆಫ್ ಮಾಡಿ, ಕ್ಯಾಪ್ ತೆಗೆಯುವಾಗ ಕಿವಿ ಕೊಡಿ.

ಬಿಸಿಗಾಳಿ:
ನಾನೂ ಪೆಟ್ರೋಲ್ ಬರುತ್ತಿಲ್ಲ ಅಂತಲೇ ಹೇಳಿದ್ದು.

ಟಾರ್ಕ್‌ಮಾವ:
ನೀವು ಹೇಳಿದ್ದು ಕ್ಲಿಪ್.

ಧೂಳುದಾರಿ:
ಕ್ಯಾಪ್ ತಿರುಗಿಸಿದ ತಕ್ಷಣ ಸೂಯ್ ಅಂತ ಗಾಳಿ ಒಳಗೆ ಹೋಯಿತು. ಅಷ್ಟು ಜೋರು ಸದ್ದು! ವಾಪಸ್ ಹಾಕಿ ಸೆಲ್ಫ್ ಹೊಡೆದೆ. ಕಾಯಲೂ ಇಲ್ಲ, ಸ್ಟಾರ್ಟ್ ಆಯಿತು. ಈಗ ಕ್ಯಾಪ್ ಸ್ವಲ್ಪ ಸಡಿಲ ಬಿಟ್ಟು ಓಡಿಸಲಾ?

ನಟ್ಟುಬೋಲ್ಟು:
ಬೇಡವೇ ಬೇಡ. ಆ ಜೀಪ್‌ನಲ್ಲಿ ಟ್ಯಾಂಕ್ ಇರುವುದು ಡ್ರೈವರ್ ಸೀಟ್ ಕೆಳಗೆ. ತಿರುವಿನಲ್ಲಿ ಪೆಟ್ರೋಲ್ ತುಳುಕಿದರೆ ನೀವು ಅದರ ಮೇಲೇ ಕೂತಿರುತ್ತೀರಿ. ಕ್ಯಾಪ್ ಗಾಡಿಯಿಂದ ದೂರ ಒಯ್ದು ಒಂದೂವರೆ ಮಿಲಿಮೀಟರ್ ಡ್ರಿಲ್‌ನಲ್ಲಿ ಒಂದು ತೂತು ಹಾಕಿಸಿ. ಒಳಗಿನ ರಬ್ಬರ್ ಅದನ್ನು ಮುಚ್ಚಬಾರದು. ಚೂರೆಲ್ಲ ಒರೆಸಿ ತೆಗೆಯಿರಿ. ಇದು ಮನೆ ಸೇರುವವರೆಗೆ ಮಾತ್ರ. ಮಳೆ ಬಂದರೆ ಮೇಲೊಂದು ಬಟ್ಟೆ ಇಡಿ, ಇಲ್ಲದಿದ್ದರೆ ತೂತಿನಿಂದ ನೀರು ಇಳಿಯುತ್ತದೆ. ಆಮೇಲೆ ಗಾಳಿ ದಾರಿ ಇರುವ ಸರಿಯಾದ ಕ್ಯಾಪ್ ಹಾಕಿ.

ಕಿಡಿಗಣ್ಣ:
ಹಾಕಲಿ. ಆದರೆ ಕಾಯಿಲ್ ಒಂದು ಸ್ಪೇರ್ ಇಟ್ಟುಕೊಳ್ಳಿ. ನನ್ನ ಗಾಡಿಯಲ್ಲಿ ಎರಡು ಕಾಯಿಲ್ ಬಾನೆಟ್ ಒಳಗೇ ಅಕ್ಕಪಕ್ಕ ಕೂರಿಸಿದ್ದೇನೆ. ಒಂದು ಕೈಕೊಟ್ಟರೆ ವೈರ್ ಬದಲಾಯಿಸಿ ಮುಂದೆ ಹೋಗುವುದು.

ಟಾರ್ಕ್‌ಮಾವ:
ನಾನು ಪಾಯಿಂಟನ್ನೇ ಕಿತ್ತೆಸೆದು ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡಿದ್ದೇನೆ. ಅಂದಿನಿಂದ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದಿಲ್ಲ.

ಕಿಡಿಗಣ್ಣ:
ಪಾಯಿಂಟ್ ಕೆಟ್ಟರೆ ಉಗುರು ಉಜ್ಜುವ ಅರದಲ್ಲಿ ಉಜ್ಜಿ ಮನೆ ಸೇರಬಹುದು. ನಿಮ್ಮ ಮಾಡ್ಯೂಲ್ ಕೆಟ್ಟರೆ ಏನು ಉಜ್ಜುತ್ತೀರಿ?

ಧೂಳುದಾರಿ:
ತೂತು ಹಾಕಿಸಿದೆ. ನಿಲ್ಲುತ್ತಿಲ್ಲ, ಬಹಳ ದೂರ ಬಂದೆ. ಆದರೆ ಏರು ಹತ್ತುವಾಗ ಮೊದಲಿನ ಎಳೆತ ಇಲ್ಲ. ಪಂಪ್‌ಗೆ ಮುಂಚೆ ಇರುವ ಗಾಜಿನ ಫಿಲ್ಟರ್ ಒಳಗೆ ಕೆಂಪು ಮಣ್ಣಿನ ಹಾಗೆ ಏನೋ ಕೂತಿದೆ, ಬೆರಳಲ್ಲಿ ಉಜ್ಜಿದರೆ ನುಣ್ಣಗೆ.

ನಟ್ಟುಬೋಲ್ಟು:
ಅದು ತುಕ್ಕು. ಈಗ ಹೇಳಿ, ಎಷ್ಟು ವರ್ಷ ನಿಂತಿತ್ತು?

ಧೂಳುದಾರಿ:
ಅದನ್ನು ಕೇಳಲಿಲ್ಲ. ಶೆಡ್‌ನಲ್ಲಿತ್ತು. ಸೀಟ್ ಕೆಳಗೆ ಇಲಿ ಗೂಡು ಇತ್ತು.

ನಟ್ಟುಬೋಲ್ಟು:
ಸಿಕ್ಕಿತು ಉತ್ತರ. ಫಿಲ್ಟರ್ ತೊಳೆಯಿರಿ, ಇನ್ನೊಂದೆರಡು ಜೊತೆಗಿಟ್ಟುಕೊಳ್ಳಿ. ಮತ್ತೆ ಕಟ್ಟಿಕೊಂಡರೆ ಕ್ಯಾಪ್ ತೆಗೆದಿಟ್ಟು, ಫಿಲ್ಟರ್ ಹತ್ತಿರ ಪೈಪ್ ಬಿಚ್ಚಿ, ಸೈಕಲ್ ಪಂಪ್‌ನಿಂದ ಟ್ಯಾಂಕ್ ಕಡೆಗೆ ಗಾಳಿ ಹೊಡೆಯಿರಿ. ಬಾಯಿಂದ ಊದುವುದು, ಹೀರುವುದು ಎರಡೂ ಬೇಡ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ರಬ್ಬರ್ ಪೈಪ್‌ಗಳನ್ನೂ ಒಮ್ಮೆ ಬಗ್ಗಿಸಿ ನೋಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಅಂಟಂಟಾಗಿದ್ದರೆ ಅಲ್ಲೇ ಬದಲಾಯಿಸಿ.

ಧೂಳುದಾರಿ:
ಫಿಲ್ಟರ್ ತೊಳೆದ ಮೇಲೆ ಎಳೆತ ವಾಪಸ್ ಬಂತು. ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ವಿಷಯ, ಒಂದು ಚಕ್ರದ ಡ್ರಮ್ ಕೈ ಇಡಲಾರದಷ್ಟು ಬಿಸಿ. ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿರಬಹುದಾ?

ನಟ್ಟುಬೋಲ್ಟು:
ಹ್ಯಾಂಡ್‌ಬ್ರೇಕ್ ಅಲ್ಲ. ಅದು ಈ ಜೀಪ್‌ನಲ್ಲಿ ಚಕ್ರಕ್ಕೆ ಹಿಡಿಯುವುದೇ ಇಲ್ಲ, ಗೇರ್‌ಬಾಕ್ಸ್ ಕಡೆಯಿಂದ ಹಿಂದಕ್ಕೆ ಹೋಗುವ ಶಾಫ್ಟ್‌ಗೆ ಹಿಡಿಯುತ್ತದೆ. ಸಮತಟ್ಟಾದ ಜಾಗದಲ್ಲಿ ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು ಆ ಚಕ್ರ ಜಾಕ್‌ನಲ್ಲಿ ಎತ್ತಿ. ಬ್ರೇಕ್ ಒಮ್ಮೆ ತುಳಿದು ಬಿಟ್ಟು ಕೈಯಲ್ಲಿ ತಿರುಗಿಸಿ. ಬಿಗಿ ಇದ್ದರೆ ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಸಲೀಸಾದರೆ ಬ್ರೇಕ್ ಹೋಸ್ ಒಳಗೇ ಊದಿಕೊಂಡಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಆಯಿಲ್ ವಾಪಸ್ ಬಿಡುತ್ತಿಲ್ಲ. ಸಲೀಸಾಗದಿದ್ದರೆ ಒಳಗೆ ವೀಲ್ ಸಿಲಿಂಡರ್, ಶೂ ಅಥವಾ ಬೇರಿಂಗ್ ಹಿಡಿದಿದೆ. ನಿಪ್ಪಲ್ ಮುಚ್ಚಿ, ಆಯಿಲ್ ಮಟ್ಟ ಸರಿ ಮಾಡಿ. ಇದನ್ನು ಸರಿ ಮಾಡದೆ ಮುಂದೆ ಹೊರಡಬೇಡಿ. ಎಂಜಿನ್ ಬೇಕಾದರೆ ನಿಲ್ಲಲಿ, ಗಾಡಿ ನಿಲ್ಲಬೇಕಾದಾಗ ನಿಲ್ಲಲೇಬೇಕು. ಮುಂದಿನ ಚಕ್ರವೋ ಹಿಂದಿನದೋ?

ಸ್ಟೆಪ್ನಿ:
2009ರ ಟೈರ್, ಅದರ ಪಕ್ಕದಲ್ಲಿ ಸುಡುವ ಡ್ರಮ್. ಲಾರಿ ಅಂತ ನಾನು ಸುಮ್ನೆ ಹೇಳಿದ್ದಾ?

ಕೆಂಪುಹೊಗೆ:
ನಾನು ಇಲ್ಲಿಗೆ ಹೊಸಬ. ಪೂರ್ತಿ ಓದಿದೆ, ಬಹಳ ಉಪಯೋಗ ಆಯಿತು. ನನ್ನದು ಡೀಸೆಲ್ ವ್ಯಾನ್. ನನ್ನದಕ್ಕೂ ಬೀಗದ ಕ್ಯಾಪ್ ಇದೆ. ದಾರಿಯಲ್ಲಿ ನಿಲ್ಲುವುದಿಲ್ಲ, ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಜಾಸ್ತಿ. ಇದಕ್ಕೂ ಕ್ಯಾಪೇ ಕಾರಣಾನಾ?

ಕಿಡಿಗಣ್ಣ:
ಹೀಟರ್ ಪ್ಲಗ್. ಕಣ್ಣು ಮುಚ್ಚಿಕೊಂಡು ಬದಲಾಯಿಸಿ.