ವುಮೆನ್ಸ್ ನೆಟ್‌ವರ್ಕ್ ನಡೆಸೋದು ನಾನು, ಪ್ರಮೋಷನ್ ಇನ್ನೊಬ್ಬರಿಗೆ: ಏನ್ಮಾಡಲಿ?

ನಮ್ಮ ಗುಂಪಿಗೆ ಬಂದ ಪ್ರಶ್ನೆ (ಹೆಸರು ಬೇಡ ಅಂದಿದ್ದಾರೆ, ಬೆಂಗಳೂರು)

ಮೇಡಂ, ವೈಟ್‌ಫೀಲ್ಡ್ ಕಡೆ ಒಂದು ಐಟಿ ಕಂಪನಿಯಲ್ಲಿ ಟೆಸ್ಟ್ ಲೀಡ್ ಆಗಿದ್ದೀನಿ. ನಮ್ಮಲ್ಲಿ ಮಹಿಳಾ ಉದ್ಯೋಗಿಗಳ ನೆಟ್‌ವರ್ಕ್ ಒಂದಿದೆ, ನಮ್ಮ ಕ್ಯಾಂಪಸ್ಸಿಗೆ ನಾನೇ ಕೋ-ಲೀಡ್. ಮಾರ್ಚ್ 8ರ ಮಹಿಳಾ ದಿನದ ಕಾರ್ಯಕ್ರಮ, ಆರೋಗ್ಯ ತಪಾಸಣೆ ಶಿಬಿರ, ಹೊಸದಾಗಿ ಸೇರಿದ ಹುಡುಗೀರಿಗೆ ಮೆಂಟರಿಂಗ್, ಸ್ಪೀಕರ್ ಕರೆಸೋದು, ಕೊನೆಗೆ ಊಟದ ಕೂಪನ್ ಎಣಿಸೋದೂ ನನ್ನ ತಲೆ ಮೇಲೇ. "ಒಳ್ಳೆ ವಿಸಿಬಿಲಿಟಿ ಸಿಗುತ್ತೆ" ಅಂತ ಮ್ಯಾನೇಜರ್ರೇ ಇದನ್ನ ವಹಿಸಿದ್ದು. ಈ ಸಲವೂ ಮ್ಯಾನೇಜರ್ ಗ್ರೇಡ್ ನನಗಿಂತ ಜೂನಿಯರ್ ಆದ ಒಬ್ಬ ಹುಡುಗನಿಗೆ ಹೋಯ್ತು. ಅವನಿಗೆ ಕೆಲಸ ಗೊತ್ತಿಲ್ಲ ಅಂತಲ್ಲ. ಆದರೆ ನಮ್ಮ ಡೈರೆಕ್ಟರ್ ಜೊತೆ ಭಾನುವಾರ ಕ್ರಿಕೆಟ್ ಆಡ್ತಾನೆ. ನೆಟ್‌ವರ್ಕ್ ಬಿಟ್ಟುಬಿಡಲಾ? ಬಿಟ್ಟರೆ "ಮುನಿಸಿಕೊಂಡ್ರು" ಅಂತಾರೆ.

ಉತ್ತರ (ಎಚ್‌ಆರ್ ಸಲಹೆಗಾರರು)

ಬಿಡಬೇಡಿ. ಈಗ ನಡೆಸ್ತಿರೋ ಹಾಗೆ ನಡೆಸಲೂಬೇಡಿ.

ಪ್ರಮೋಷನ್ ತೀರ್ಮಾನ ಆಗೋದು ನಿಮ್ಮ ಅಪ್ರೈಸಲ್ ಮಾತುಕತೆಯಲ್ಲಲ್ಲ. ಅದಕ್ಕೆ ಎಷ್ಟೋ ಮುಂಚೆ ಕ್ಯಾಲಿಬ್ರೇಷನ್ ಮೀಟಿಂಗ್ ಅಂತ ನಡೆಯುತ್ತೆ, ಮ್ಯಾನೇಜರ್‌ಗಳೂ ಡೈರೆಕ್ಟರೂ ಕೂತು ಎಲ್ಲರನ್ನೂ ಹೋಲಿಸಿ ನೋಡೋ ಸಭೆ. ಪರದೆ ಮೇಲೆ ಎಕ್ಸೆಲ್ ಶೀಟು, ಸಾಲಿಗೊಂದು ಹೆಸರು. ಹೆಸರು ಜಾಸ್ತಿ, ಜಾಗ ಕಮ್ಮಿ. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಪುಣ್ಯ. ನಿಮ್ಮ ಸಾಲು ಬಂದಾಗ ಮ್ಯಾನೇಜರ್ ಹೇಳ್ತಾರೆ: "ತುಂಬಾ ಸಿನ್ಸಿಯರ್, ಟೀಮ್ ಪ್ಲೇಯರ್, ವುಮೆನ್ಸ್ ನೆಟ್‌ವರ್ಕ್ ಕೂಡ ಚೆನ್ನಾಗಿ ನೋಡ್ಕೋತಾರೆ." ಎಲ್ಲರೂ ತಲೆಯಾಡಿಸ್ತಾರೆ. ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತೆ. ಆ ಹುಡುಗನ ಹೆಸರು ಬಂದಾಗ ಮ್ಯಾನೇಜರ್ ಬಾಯಿ ತೆರೆಯೋ ಮೊದಲೇ ಡೈರೆಕ್ಟರ್ ಕೇಳ್ತಾರೆ: "ಆ ರಿಲೀಸ್ ದಡ ಸೇರಿಸಿದ್ದು ಇವನೇ ಅಲ್ವಾ?" ದಡ ಸೇರಿಸಿದ್ದರಲ್ಲಿ ಅರ್ಧ ಪಾಲು ನಿಮ್ಮದೇ ಇರಬಹುದು, ಅದನ್ನ ಹೇಳೋರು ಅಲ್ಲಿ ಕೂತಿಲ್ಲ. ಸಿನ್ಸಿಯರ್ ಅಂದರೆ ಯಾರೂ ಇಲ್ಲ ಅನ್ನಲ್ಲ, ಹಾಗಂತ ಯಾರೂ ಗ್ರೇಡೂ ಕೊಡಲ್ಲ.

ನಿಮ್ಮ ನೆಟ್‌ವರ್ಕಿನಲ್ಲಿ ಮೆಂಟರ್‌ಗಳಿಗೆ ಬರವಿಲ್ಲ ಅಂದುಕೊಳ್ತೀನಿ. ಮೆಂಟರ್ ನಿಮಗೆ ಬುದ್ಧಿ ಹೇಳ್ತಾರೆ. ಸ್ಪಾನ್ಸರ್ ಅನ್ನೋರು ನೀವಿಲ್ಲದ ಕಡೆ ನಿಮ್ಮ ಪರ ಮಾತಾಡ್ತಾರೆ, ತಮ್ಮ ಹೆಸರು ಪಣಕ್ಕಿಟ್ಟು. ಕ್ರಿಕೆಟ್‌ನಿಂದ ಆ ಹುಡುಗನಿಗೆ ಸಿಕ್ಕಿದ್ದು ಎರಡನೆಯದು. ಹರ್ಮಿನಿಯಾ ಇಬಾರಾ ಅನ್ನೋ ಸಂಶೋಧಕಿ ಅಮೆರಿಕದ ಒಂದು ಜಾಹೀರಾತು ಸಂಸ್ಥೆಯಲ್ಲಿ ಮಾಡಿದ ಅಧ್ಯಯನ 1992ರಲ್ಲಿ ಪ್ರಕಟವಾಯ್ತು. ಅಲ್ಲಿನ ಗಂಡಸರು ಸ್ನೇಹಕ್ಕೂ ಕೆಲಸಕ್ಕೂ ಗಂಡಸರ ಹತ್ತಿರವೇ ಹೋಗ್ತಿದ್ದರು. ಹೆಂಗಸರು ಮನಸ್ಸಿನ ಮಾತಿಗೆ ಹೆಂಗಸರ ಹತ್ತಿರ, ಕೆಲಸ ಆಗಬೇಕಾದರೆ ಗಂಡಸರ ಹತ್ತಿರ. ಗಂಡಸರಿಗೆ ಒಂದು ಕಾಫಿಯಲ್ಲಿ ಎರಡೂ ಮುಗಿಯುತ್ತೆ, ನಮಗೆ ಎರಡು ಕಾಫಿ ಬೇಕು. ಮನೆಗೆ ಹೋಗೋ ಕ್ಯಾಬ್ ಆರೂವರೆಗೆ ಅಂದಮೇಲೆ ಬಿಟ್ಟುಹೋಗೋದು ಎರಡನೇ ಕಾಫಿಯೇ.

ಅದಕ್ಕೇ ಈ ವರ್ಷ ಸ್ಪೀಕರ್ ಕರೆಸೋದು ಕಡಿಮೆ ಮಾಡಿ. ಬದಲಿಗೆ ನಿಮ್ಮ ಕ್ಯಾಂಪಸ್ಸಿನ ಡೈರೆಕ್ಟರ್‌ಗಳನ್ನ, ಗಂಡಸರನ್ನೂ ಸೇರಿಸಿ, ಒಬ್ಬೊಬ್ಬರಾಗಿ ಕರೆದು ಒಂದು ಗಂಟೆ ಕೂರಿಸಿ. ಭಾಷಣ ಬೇಡ. ನಿಮ್ಮ ಸದಸ್ಯರಲ್ಲಿ ಮೂರು ಜನ ತಾವು ಮಾಡಿದ ಕೆಲಸವನ್ನ ಅವರ ಮುಂದಿಡಲಿ: ಏನು ಸಮಸ್ಯೆ ಇತ್ತು, ಏನು ಮಾಡಿದೆ, ಕ್ಲೈಂಟ್‌ಗೆ ಏನಾಯ್ತು. ಮೊದಲ ಸುತ್ತಿನಲ್ಲೇ ನೀವೂ ಒಬ್ಬರಾಗಿ. ಇನ್ನೊಬ್ಬರನ್ನ ಸ್ಟೇಜ್ ಹತ್ತಿಸಿ ಹಿಂದೆ ನಿಂತು ಚಪ್ಪಾಳೆ ತಟ್ಟೋದು ಕೋ-ಲೀಡ್‌ಗಳಿಗೆಲ್ಲ ಅಂಟಿದ ರೋಗ.

ಉಳಿದದ್ದು ಕೂಪನ್ ಎಣಿಸೋ ಕೆಲಸ. 2017ರಲ್ಲಿ ಲಿಂಡಾ ಬ್ಯಾಬ್‌ಕಾಕ್, ಲೀಸೆ ವೆಸ್ಟರ್‌ಲುಂಡ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಯಾರಾದರೂ ಮಾಡಲೇಬೇಕು, ಆದರೆ ಮಾಡಿದವರಿಗೆ ಲಾಭ ಕಡಿಮೆ, ಅಂಥ ಕೆಲಸ ಯಾರು ಒಪ್ಪಿಕೊಳ್ತಾರೆ ಅಂತ ನೋಡಿದರು. ಗಂಡಸರು ಹೆಂಗಸರು ಬೆರೆತ ಗುಂಪಿನಲ್ಲಿ ಹೆಂಗಸರು ಗಂಡಸರಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚು ಸಲ ಕೈ ಎತ್ತಿದರು. ಬರೀ ಗಂಡಸರ ಗುಂಪಾದಾಗ ಗಂಡಸರೇ ಮುಂದೆ ಬಂದರು, ಆ ವ್ಯತ್ಯಾಸವೇ ಇಲ್ಲವಾಯ್ತು. ಅಂದರೆ ಆ ಕೆಲಸ ನಿಮ್ಮ ಸ್ವಭಾವ ಅಂತ ನಿಮಗೆ ಬರ್ತಿಲ್ಲ, ನೀವು ಮಾಡ್ತೀರಿ ಅಂತ ಎಲ್ಲರೂ ಕಾದು ಕೂತಿರೋದರಿಂದ ಬರ್ತಿದೆ. ಕೂಪನ್, ಬ್ಯಾನರ್, ಕೇಟರಿಂಗ್ ಎಲ್ಲ ಅಡ್ಮಿನ್ ಟೀಮಿಗೆ ಕೊಡಿ. ಮಿಕ್ಕಿದ್ದನ್ನ ಗೋಲ್ ಶೀಟಿನಲ್ಲಿ, ಅಂದರೆ ನಿಮ್ಮ ವರ್ಷದ ಗುರಿಗಳ ಪಟ್ಟಿಯಲ್ಲಿ, ಬರೆಸಿ. ಗೋಲ್ ಶೀಟಿಗೆ ಸೇರದ ಕೆಲಸ ಕಂಪನಿಯ ಲೆಕ್ಕದಲ್ಲಿ ನಿಮ್ಮ ಹವ್ಯಾಸ ಅಷ್ಟೇ.

ಸದಸ್ಯರೊಬ್ಬರು

ಬೇಜಾರಾಗಬೇಡಿ, ಹೆಂಗಸರಿಗೆ ಹೆಂಗಸರೇ ಅಡ್ಡಗಾಲು. ನನ್ನ ಪ್ರಮೋಷನ್ ತಡೆದಿದ್ದು ಒಬ್ಬ ಮೇಡಮ್ಮೇ.

ಉತ್ತರ

ತಡೆದಿರಬಹುದು. ಗಂಡಸರು ಗಂಡಸರನ್ನ ತಡೆದಾಗ ಅದನ್ನ "ಪಾಲಿಟಿಕ್ಸ್" ಅಂತೀವಿ, ಗಂಡು ಕುಲಕ್ಕೆಲ್ಲ ಹಚ್ಚಲ್ಲ. ಹತ್ತು ಜನರ ಲೀಡರ್‌ಶಿಪ್ ಟೀಮಿನಲ್ಲಿ ಹೆಂಗಸು ಒಬ್ಬರೇ ಇದ್ದರೆ, ಎರಡನೆಯವರು ಬಂದರೆ ತನ್ನ ಕುರ್ಚಿಗೇ ಕುತ್ತು ಅಂತ ಅವರಿಗೆ ಅನ್ನಿಸೋ ಹಾಗೆ ವ್ಯವಸ್ಥೆ ಇರುತ್ತೆ. ಮೇಲಿನ ಮಾತು ಹಾಗಿರಲಿ, ಕೆಳಗಿನ ಮೆಟ್ಟಿಲೇ ಮುರಿದಿದೆ: ಮೆಕಿನ್ಸಿ ಅನ್ನೋ ಸಲಹಾ ಕಂಪನಿ ಮತ್ತು ಮಹಿಳೆಯರಿಗಾಗಿ ಕೆಲಸ ಮಾಡೋ ಲೀನ್‌ಇನ್ ಸಂಸ್ಥೆಯ 2024ರ ವರದಿ ಪ್ರಕಾರ, ಅಮೆರಿಕದ ಕಾರ್ಪೊರೇಟ್‌ಗಳಲ್ಲಿ 100 ಗಂಡಸರು ಮೊದಲ ಸಲ ಮ್ಯಾನೇಜರ್ ಆದರೆ 81 ಹೆಂಗಸರು ಮಾತ್ರ ಆಗ್ತಾರೆ. ಆ ಗ್ರೇಡ್ ಕೊಡೋ ಹಂತದಲ್ಲಿ ಕೂತಿರೋರು ಹೆಚ್ಚಿನವರು ಗಂಡಸರೇ. ಎಲ್ಲವನ್ನೂ ಒಬ್ಬ ಮೇಡಂ ತಲೆಗೆ ಕಟ್ಟೋದು ಬೇಡ.

ಸದಸ್ಯರೊಬ್ಬರು (ಡೆಲಿವರಿ ಮ್ಯಾನೇಜರ್)

ನಾನು ಆ ಕ್ರಿಕೆಟ್ ಆಡೋ ಜಾತಿಯವನೇ. ಆಟ ಬಿಡಬೇಕಾ ಮೇಡಂ?

ಉತ್ತರ

ಆಡಿ ಸರ್, ಆರೋಗ್ಯಕ್ಕೆ ಒಳ್ಳೇದು. ಮೈದಾನದಲ್ಲಿ "ಹೊಸ ಕ್ಲೈಂಟ್ ಅಕೌಂಟ್ ಬರ್ತಿದೆ, ನೀನು ತಗೋ" ಅನ್ನಬೇಡಿ, ಸಾಕು. ಅದನ್ನ ಸೋಮವಾರ ಟೀಮ್ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿ, ಬೇಕಾದವರು ಕೇಳಲಿ. ಮಕ್ಕಳಿರೋ ಹೆಂಗಸರಿಗೆ ಟ್ರಾವೆಲ್ ಇರೋ ಕೆಲಸ ಕೊಡುವಾಗ "ಪಾಪ, ಅವರಿಗೆ ಕಷ್ಟ ಆಗುತ್ತೆ" ಅಂತ ನೀವೇ ತೀರ್ಮಾನ ಮಾಡಬೇಡಿ. ಕೇಳಿ. ಆಗಲ್ಲ ಅಂದರೆ ಅವರೇ ಹೇಳ್ತಾರೆ. ಹೆಣ್ಣುಮಕ್ಕಳ ಕೆರಿಯರ್ ಬೈಗುಳದಿಂದ ನಿಂತಿದ್ದಕ್ಕಿಂತ ಈ "ಪಾಪ"ದಿಂದ ನಿಂತಿದ್ದೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಸದಸ್ಯರೊಬ್ಬರು (ಮೈಸೂರು)

ಅಕ್ಕಾ, ಹೆರಿಗೆ ರಜೆ ಮುಗಿಸಿ ಬಂದೆ. "ಅರ್ಧ ವರ್ಷ ಇರಲಿಲ್ವಲ್ಲ" ಅಂತ ಆವರೇಜ್ ರೇಟಿಂಗ್ ಹಾಕಿದ್ದಾರೆ, ನನ್ನ ಟೀಮೂ ಬೇರೆಯವರಿಗೆ ಹೋಗಿದೆ. ನಮ್ಮದು ಚಿಕ್ಕ ಆಫೀಸು, ಇಲ್ಲಿ ನೆಟ್‌ವರ್ಕ್ ಗಿಟ್‌ವರ್ಕ್ ಏನಿಲ್ಲ.

ಉತ್ತರ

ಮಗುಗೂ ನಿಮಗೂ ಒಳ್ಳೇದಾಗಲಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಸಿಗೋದು ಕಂಪನಿ ತೋರಿಸೋ ದಯೆ ಅಲ್ಲ, ಕಾನೂನು. ರಜೆಯಲ್ಲಿದ್ದಾರೆ ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ, ಆ ಅವಧಿಯಲ್ಲಿ ಸೇವಾ ಷರತ್ತುಗಳನ್ನ ಆಕೆಗೆ ನಷ್ಟ ಆಗೋ ಹಾಗೆ ಬದಲಾಯಿಸೋ ಹಾಗೂ ಇಲ್ಲ. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯವೂ ಕಡ್ಡಾಯ. ರೇಟಿಂಗ್ ವಿಚಾರ ಮಾತ್ರ ಅಲ್ಲಿ ನೇರವಾಗಿ ಬರೆದಿಲ್ಲ, ಅದಕ್ಕೇ ಮ್ಯಾನೇಜರ್‌ಗಳು ಆ ಸಂದಿಯಲ್ಲಿ ನುಸುಳ್ತಾರೆ.

ಎಚ್‌ಆರ್‌ಗೆ ಇಮೇಲ್ ಮಾಡಿ, ಜಗಳದ ಧಾಟಿ ಬೇಡ: "ನಾನು ಕೆಲಸ ಮಾಡಿದ ತಿಂಗಳುಗಳ ಸಾಧನೆಯ ಮೇಲೆ ಮಾತ್ರ ರೇಟಿಂಗ್ ಆಗಿದೆಯೇ, ಅದರ ಆಧಾರ ತಿಳಿಸಿ. ರಜೆಗೆ ಮುಂಚೆ ನನಗಿದ್ದ ಜವಾಬ್ದಾರಿಗೆ ಸಮನಾದದ್ದು ಯಾವಾಗ ಸಿಗುತ್ತೆ?" ಬಾಯಿಮಾತಲ್ಲಿ ಕೇಳಿದರೆ "ನೋಡೋಣ" ಅಂತಾರೆ. ಬರಹದಲ್ಲಿ ಕೇಳಿದರೆ ಬರಹದಲ್ಲಿ ಉತ್ತರ ಕೊಡೋಕೆ ಯೋಚನೆ ಮಾಡಬೇಕಾಗುತ್ತೆ.

ನೆಟ್‌ವರ್ಕಿಗೆ ಕಂಪನಿಯ ಲೋಗೊ ಬೇಕಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು, ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟಿದ್ದು ದಿನಾ ಸಿಗೋ ಆಪ್ತರಲ್ಲ, ಅಪರೂಪಕ್ಕೆ ಸಿಗೋ ಪರಿಚಿತರು. ಆಪ್ತರಿಗೆ ಗೊತ್ತಿರೋದೆಲ್ಲ ನಿಮಗೂ ಗೊತ್ತಿರುತ್ತೆ. ಹಳೇ ಕಂಪನಿಯ ಸಹೋದ್ಯೋಗಿ, ಕಾಲೇಜಿನ ಸೀನಿಯರ್, ಕ್ಲೈಂಟ್ ಕಡೆಯವರು, ಇವರಲ್ಲಿ ಇಬ್ಬರಿಗೆ ಈ ವಾರ ಮೆಸೇಜ್ ಮಾಡಿ. "ಕೆಲಸ ಇದ್ರೆ ಹೇಳಿ" ಅಂತ ಶುರು ಮಾಡಬೇಡಿ. ಅವರ ಕಡೆ ಏನು ನಡೀತಿದೆ ಅಂತ ಕೇಳಿ, ನಿಮ್ಮದು ಎರಡು ಸಾಲು ಹೇಳಿ.

ಪ್ರಶ್ನೆ ಕೇಳಿದವರು

ಮೇಡಂ, ಗೋಲ್ ಶೀಟ್ ಶುಕ್ರವಾರ ಲಾಕ್ ಆಗುತ್ತೆ. ನೆಟ್‌ವರ್ಕ್ ಬಗ್ಗೆ ಏನಂತ ಬರೀಲಿ? ಮ್ಯಾನೇಜರ್ ಒಪ್ಪದಿದ್ರೆ?

ಉತ್ತರ

"ಮಹಿಳಾ ನೆಟ್‌ವರ್ಕ್ ಮುನ್ನಡೆಸುವುದು" ಅಂತ ಬರೆದರೆ ಯಾರೂ ಓದಲ್ಲ. ಹೀಗೆ ಬರೀರಿ: "ಟೆಸ್ಟಿಂಗ್ ವಿಭಾಗದ ಮಹಿಳಾ ಉದ್ಯೋಗಿಗಳಲ್ಲಿ ಮುಂದಿನ ಗ್ರೇಡಿಗೆ ಸಿದ್ಧರಿರುವವರ ಪಟ್ಟಿ ಮಾಡಿ, ಪ್ರಮೋಷನ್ ನಾಮಿನೇಷನ್ ಶುರುವಾಗುವ ಮೊದಲು ಅವರ ಕೆಲಸವನ್ನು ಡೈರೆಕ್ಟರ್‌ಗಳ ಮುಂದೆ ಮಂಡಿಸುವುದು, ವಾರಕ್ಕೆ ಎರಡು ಗಂಟೆ." ಗಂಟೆ ಬರೆಯೋದು ಮರೀಬೇಡಿ. ಅದಕ್ಕಿಂತ ಜಾಸ್ತಿ ಕೆಲಸ ಬಂದಾಗ "ಶೀಟಿನಲ್ಲಿ ಎರಡೇ ಗಂಟೆ ಇದೆ" ಅಂತ ತೋರಿಸಬಹುದು.

ಮ್ಯಾನೇಜರ್ ಒಪ್ಪಲಿಲ್ಲ ಅಂದರೆ "ಹಾಗಾದ್ರೆ ಕೋ-ಲೀಡ್ ಆಗಿ ಬೇರೆಯವರನ್ನ ಹಾಕಿ, ನಾನು ಆ ಸಮಯ ಪ್ರಾಜೆಕ್ಟಿಗೆ ಕೊಡ್ತೀನಿ" ಅನ್ನಿ, ನಗುಮುಖದಿಂದಲೇ. ಹಾಗೆ ಬಿಟ್ಟರೆ ಅದು ಮುನಿಸಲ್ಲ, ಲೆಕ್ಕ. ಮಾರ್ಚ್ 8 ಹತ್ತಿರ ಬಂದಾಗ ಬಹುಶಃ ಅವರೇ ಒಪ್ತಾರೆ. ಗೋಲ್ ಬರೆದಾದ ಮೇಲೆ ಕಂಪನಿ ಹೆಸರು ಅಳಿಸಿ ಇಲ್ಲಿ ಹಾಕಿ, ಗುರುವಾರ ರಾತ್ರಿ ಒಳಗೆ ಒಂದ್ಸಲ ನೋಡ್ತೀನಿ.