ಔಬೈನ್ ಹಾಕಿದರೂ ಹಿಸ್ಟಮಿನ್ ಬದಲಾಗುತ್ತಿಲ್ಲ, ಯಾಕೆ?

ಪ್ರಶ್ನೆ: ಇಲಿಯ ಹೊಟ್ಟೆಯ ಕುಹರದಿಂದ ತೆಗೆದ ಮಾಸ್ಟ್ ಕೋಶಗಳಿಗೆ (ಅಲರ್ಜಿಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುವ ಕೋಶಗಳು) 10 ಮೈಕ್ರೋಮೋಲಾರ್ ಔಬೈನ್ (ಸೋಡಿಯಂ-ಪೊಟ್ಯಾಸಿಯಂ ಪಂಪ್ ತಡೆಯುವ ವಸ್ತು) ಹಾಕಿ, 5 ನಿಮಿಷ ಬಿಟ್ಟು, ಹಿಸ್ಟಮಿನ್ ಬಿಡುವಂತೆ ಮಾಡುವ ಕಾಂಪೌಂಡ್ 48/80 ಕೊಟ್ಟೆ. ಔಬೈನ್ ಇಲ್ಲದ ಟ್ಯೂಬಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಂತರೆ ಹಿಸ್ಟಮಿನ್ ಹೆಚ್ಚಬೇಕಲ್ಲವೇ ಮೇಡಂ?

ಉತ್ತರ: ನಿಮ್ಮ ಪಂಪ್ ನಿಂತೇ ಇಲ್ಲ. ಇಲಿಗಳ ಆಲ್ಫಾ-1 ಪಂಪ್ (ಈ ಪಂಪಿನ ಒಂದು ಬಗೆ) ಔಬೈನಿಗೆ ಸುಲಭವಾಗಿ ಬಗ್ಗುವುದಿಲ್ಲ. ಮನುಷ್ಯರ ಕೋಶಕ್ಕೆ 1 ಮೈಕ್ರೋಮೋಲಾರ್ ಸಾಕು. ಇಲ್ಲಿ 1 ಮಿಲಿಮೋಲಾರ್‌ವರೆಗೂ ಹೋಗಬೇಕು. 10 ಮಿಲಿಗೆ 7.3 ಮಿಗ್ರಾಂ ತೂಗಿ. ಇದು ಆಕ್ಟಾಹೈಡ್ರೇಟಿನ, ಅಂದರೆ ಎಂಟು ನೀರಿನ ಅಣು ಸೇರಿದ ರೂಪದ, ಲೆಕ್ಕ (ಅಣುತೂಕ 728.8). ನೀರಿಲ್ಲದ ರೂಪದ 584.7 ಹಿಡಿದು ತೂಗಿದರೆ ಸಿಗುವುದು 0.8 ಮಿಲಿಮೋಲಾರ್ ಮಾತ್ರ. ಬಾಟಲಿಯ ಚೀಟಿ ನೋಡಿಕೊಳ್ಳಿ.

ಇನ್ನು ಸಮಯ. ಪಂಪ್ ಒಂದು ಸುತ್ತಿಗೆ 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳತರುತ್ತದೆ. ಅದು ನಿಂತ ಮೇಲೆ ಒಳಗೆ ಸೋಡಿಯಂ ತುಂಬಿಕೊಳ್ಳಬೇಕು, ಆಗಲೇ ಸೋಡಿಯಂ-ಕ್ಯಾಲ್ಸಿಯಂ ವಿನಿಮಯ ಕುಂಟಿ ಕ್ಯಾಲ್ಸಿಯಂ ಒಳಗೇ ಉಳಿಯುವುದು; ಹಿಸ್ಟಮಿನ್ ಬಿಡುಗಡೆಗೆ ದೂಡುವುದು ಈ ಕ್ಯಾಲ್ಸಿಯಂ. 5 ನಿಮಿಷ ಸಾಲದು. 10, 30, 60 ನಿಮಿಷ ಮೂರನ್ನೂ ಇಡಿ. ಹೆಚ್ಚಲೇಬೇಕು ಎಂದು ಮಾತ್ರ ಮೊದಲೇ ತೀರ್ಮಾನಿಸಬೇಡಿ: ಪೊರೆಯ ವೋಲ್ಟೇಜ್ ಕುಸಿದರೆ ಹೊರಗಿನ ಕ್ಯಾಲ್ಸಿಯಂ ಒಳಬರುವ ಸೆಳೆತವೂ ತಗ್ಗುತ್ತದೆ, ಬಿಡುಗಡೆ ಇಳಿಯಲೂಬಹುದು.

ಬಫರಿಗೆ ಪೊಟ್ಯಾಸಿಯಂ ಜಾಸ್ತಿ ಹಾಕಬೇಡಿ, ಔಬೈನ್ ಅಂಟಿಕೊಳ್ಳುವುದನ್ನು ಅದು ತಡೆಯುತ್ತದೆ. ಪೊಟ್ಯಾಸಿಯಂ ಇಲ್ಲದ ಟೈರೋಡ್ (ಲವಣಗಳ ಬಫರ್) ದ್ರಾವಣದಲ್ಲೂ ಪಂಪ್ ನಿಲ್ಲುತ್ತದೆ. ಅದನ್ನೇ ಒಂದು ತಾಳೆಯ ಟ್ಯೂಬಾಗಿ ಇಡಿ. ಔಬೈನ್ ಮಾತ್ರ ಹಾಕಿದ ಟ್ಯೂಬೂ ಬೇಕು.

ಮರುಪ್ರಶ್ನೆ: ಥಾಪ್ಸಿಗಾರ್ಗಿನ್ ಹಾಕಿದ ಟ್ಯೂಬಿನಲ್ಲಿ 48/80 ಇಲ್ಲದೆಯೇ ಹಿಸ್ಟಮಿನ್ ಬಂತು. ಕೋಶ ಸತ್ತಿವೆಯೇ?

ಉತ್ತರ: ಅದು ಬೇರೆಯೇ ಪಂಪಿನ ಕತೆ. ಥಾಪ್ಸಿಗಾರ್ಗಿನ್ ತಡೆಯುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿಗೆ ಕ್ಯಾಲ್ಸಿಯಂ ತುಂಬುವ ಪಂಪನ್ನು. ದಾಸ್ತಾನು ಬರಿದಾದರೆ ಪೊರೆಯ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ, ಹೊರಗಿನ ಕ್ಯಾಲ್ಸಿಯಂ ನುಗ್ಗಿ ಹಿಸ್ಟಮಿನ್ ತುಂಬಿದ ಕಣಗಳು ಸಿಡಿಯುತ್ತವೆ. ಪರೀಕ್ಷಿಸುವುದು ಸುಲಭ. ಕ್ಯಾಲ್ಸಿಯಂ ತೆಗೆದು ಇಜಿಟಿಎ (ಉಳಿದ ಕ್ಯಾಲ್ಸಿಯಂ ಹಿಡಿದಿಡುವ ವಸ್ತು) ಹಾಕಿದ ಬಫರಿನಲ್ಲಿ ಮತ್ತೆ ಮಾಡಿ. ಹಿಸ್ಟಮಿನ್ ಬಿದ್ದುಹೋದರೆ ಅದು ನಿಜವಾದ ಬಿಡುಗಡೆ. ಅಷ್ಟೇ ಬಂದರೆ ಪೊರೆ ಒಡೆದ ಸೋರಿಕೆ ಎಂದು ಅನುಮಾನಿಸಿ ಎಲ್‌ಡಿಎಚ್ (ಕೋಶ ಒಡೆದರೆ ಹೊರಸೋರುವ ಕಿಣ್ವ) ಅಳೆಯಿರಿ. ಥಾಪ್ಸಿಗಾರ್ಗಿನ್ ಕರಗಿಸಲು ಬಳಸಿದ ದ್ರಾವಕ ಡಿಎಂಎಸ್ಓ 0.1 ಶೇಕಡಾ ದಾಟದಿರಲಿ, ಅಷ್ಟೇ ಡಿಎಂಎಸ್ಓ ಮಾತ್ರ ಇರುವ ಟ್ಯೂಬನ್ನೂ ಇಡಿ.